ದುಃಖದಲ್ಲಿ ಇರುವವರಿಂದಲೂ ಸ್ತೋತ್ರ ಹೇಳಿಸಬೇಕಾ?

ಮುಧೋಳದ ಅಕ್ಕ
ಎಲ್ಲರಿಗೂ ವಂದನೆ. ಬಹಳ ದಿನದಿಂದ ಮನಸ್ಸಿನಲ್ಲಿ ಇದ್ದ ಮಾತು, ಇವತ್ತು ಕೇಳಿಯೇ ಬಿಡುತ್ತೇನೆ. ದೇವರನ್ನು ಸ್ತುತಿಸಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ದಿನ ಶುರುವಾಗುವುದೇ ಹಾಡಿನಿಂದ. ಆದರೆ ದುಃಖದಲ್ಲಿ ಕುಸಿದು ಕೂತವರ ಬಾಯಿಂದಲೂ ಸ್ತೋತ್ರ ಹೇಳಿಸಲೇಬೇಕಾ?

ನಮ್ಮ ನಾದಿನಿ ಈ ವರ್ಷ ಗಂಡನನ್ನು ಕಳೆದುಕೊಂಡಳು. ಮಣ್ಣಾದ ಮೇಲೆ ಮೊದಲ ಸಲ ನಮ್ಮ ಕ್ರೈಸ್ತ ಸಭೆಯ ಆರಾಧನೆಗೆ ಬಂದಿದ್ದಳು. ಹಾಡು ನಡೆಸುವವರು ಮೈಕ್ ಹಿಡಿದು, 'ಎಲ್ಲರೂ ಕೈ ಎತ್ತಿ, ಜೋರಾಗಿ ಸ್ತುತಿಸಿ, ಸುಮ್ಮನೆ ಕೂತವರಿಗೆ ಆಶೀರ್ವಾದ ಇಲ್ಲ' ಅಂದರು. ಅವಳು ಎದ್ದು ಹೊರಗೆ ಹೋದಳು. ಮನೆಗೆ ನೋಡಲು ಬಂದವರೂ ಅದನ್ನೇ ಹೇಳಿದರು, 'ಅಳಬೇಡ, ಸ್ತೋತ್ರ ಹೇಳು'. ಈಗ ಭಾನುವಾರ ಬಂತು ಅಂದರೆ ಅವಳಿಗೆ ತಲೆನೋವು.

ಸಭೆಯ ಹೆಸರು ಹೇಳುವುದಿಲ್ಲ, ಜಗಳ ಬೇಡ. ನಿಮ್ಮ ಕಡೆ ಹೇಗೆ?

ಗೋಕಾಕದ ಡೋಲಕ್ ಮಾಸ್ತರ
ಸುಮ್ಮನೆ ಕೂತವರಿಗೆ ಆಶೀರ್ವಾದ ಇಲ್ಲ ಅಂತ ಯಾವ ಅಧ್ಯಾಯದಲ್ಲಿ ಬರೆದಿದೆ? ಆ ಅಣ್ಣನವರನ್ನೇ ಕೇಳಿ.

ಕೀಬೋರ್ಡ್ ತಂಗಿ, ಬೆಳಗಾವಿ
ಅಕ್ಕಾ, ನಿಮ್ಮ ನಾದಿನಿಯ ವಿಷಯ ಓದಿ ಬಹಳ ಬೇಜಾರಾಯಿತು. ಆದರೆ ಹಾಡು ನಡೆಸುವವರ ಪರವಾಗಿಯೂ ಒಂದು ಮಾತು ಹೇಳುತ್ತೇನೆ. ನಾನು ಆರಾಧನಾ ತಂಡದಲ್ಲಿ ಇದ್ದೇನೆ. ಜನ ಮುಖ ಗಂಟು ಹಾಕಿಕೊಂಡು ಕೂತಿರುತ್ತಾರೆ. ಒಬ್ಬರು ಮೊಬೈಲ್ ನೋಡುತ್ತಾರೆ, ಇನ್ನೊಬ್ಬರು ಗಡಿಯಾರ ನೋಡುತ್ತಾರೆ. ಅವರನ್ನು ಎಬ್ಬಿಸುವುದು ನಮ್ಮ ಕೆಲಸ.

ಮನಸ್ಸು ಚೆನ್ನಾಗಿದ್ದಾಗ ಮಾತ್ರ ಸ್ತುತಿಸುತ್ತೇನೆ ಅಂದರೆ ಅದು ನಮ್ಮ ಮನಸ್ಸಿನ ಆರಾಧನೆ ಆಯಿತು. ಬೈಬಲಿನಲ್ಲಿ ಸುವಾರ್ತೆ ಸಾರುತ್ತಿದ್ದ ಪೌಲ, ಸೀಲರನ್ನು ನೋಡಿ. ಫಿಲಿಪ್ಪಿಯಲ್ಲಿ ಛಡಿ ಏಟು ತಿಂದಿದ್ದರು, ಕಾಲಿಗೆ ಕೋಳ ಹಾಕಿದ್ದರು. ಮಧ್ಯರಾತ್ರಿ ಹಾಡಿದರು. ಅಪೊಸ್ತಲರ ಕೃತ್ಯಗಳು 16. ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಸ್ತೋತ್ರವನ್ನು ಯಜ್ಞ ಅಂತಲೇ ಕರೆದಿದೆ. ಯಜ್ಞ ಅಂದ ಮೇಲೆ ಅದಕ್ಕೆ ಏನಾದರೂ ಬೆಲೆ ಕೊಡಬೇಕು ಅಲ್ವಾ?

ತಿಕೋಟಾ ದ್ರಾಕ್ಷಿ ತೋಟ
ತಂಗಿ, ಪೌಲ ಸೀಲರಿಗೆ ಯಾರೂ ಮೈಕಿನಲ್ಲಿ 'ಹಾಡಿ' ಅಂತ ಹೇಳಿರಲಿಲ್ಲ. ಅವರಾಗಿಯೇ ಹಾಡಿದರು. ಅಲ್ಲೇ ವ್ಯತ್ಯಾಸ ಇರುವುದು.

ಇಳಕಲ್ ಸೊಸೆ
👆 ಇದೇ ಮಾತು.

ಸಭೆಯ ಹಿರಿಯರು, ವಿಜಯಪುರ
ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಹಾಡು ನಡೆಸುವವರು ಪದೇ ಪದೇ ಹೇಳುವ ಒಂದು ವಚನ ಇದೆ. ಇಸ್ರಾಯೇಲ್ಯರ ಸ್ತೋತ್ರಗಳ ಮಧ್ಯೆ ದೇವರು ಸಿಂಹಾಸನದಲ್ಲಿ ಕೂತಿದ್ದಾನೆ ಅನ್ನುವ ಮಾತು. 'ನೀವು ಸ್ತುತಿಸಿ, ದೇವರು ಇಳಿದು ಬರುತ್ತಾನೆ' ಅಂತ ಅದಕ್ಕೆ ವಿವರಣೆ ಕೊಡುತ್ತಾರೆ. ಅದು ಇರುವುದು ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ, 22ನೇ ಕೀರ್ತನೆಯ 3ನೇ ವಚನದಲ್ಲಿ. ಅದೇ ಕೀರ್ತನೆಯ 1ನೇ ವಚನ ಯಾವುದು? 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?' ಯೇಸು ಶಿಲುಬೆಯ ಮೇಲೆ ಕೂಗಿದ್ದು ಇದನ್ನೇ. ಮೊದಲ ಎರಡು ವಚನ ಬಿಟ್ಟು ಮೂರನೆಯದನ್ನು ಮಾತ್ರ ಕಿತ್ತುಕೊಂಡು ಗೋಡೆಗೆ ಹಾಕಿದ್ದೇವೆ. ಆ ಕೀರ್ತನೆಯಲ್ಲಿ ದಾವೀದ ಅರಸನು ಅಳುವನ್ನೂ ಸ್ತುತಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ. ನಾವು ಎರಡನ್ನೂ ಬೇರೆ ಮಾಡಿಬಿಟ್ಟೆವು.

ಇನ್ನು 137ನೇ ಕೀರ್ತನೆ. ಸೆರೆಯಾಗಿ ಬಾಬೆಲಿಗೆ ಹೋದ ಜನ ನದಿ ದಂಡೆಯಲ್ಲಿ ಕೂತು ಅಳುತ್ತಾರೆ. ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದ್ದಾರೆ. ಆಗ 'ನಮಗೊಂದು ಚೀಯೋನಿನ ಹಾಡು ಹಾಡಿ, ಸಂತೋಷಪಡಿಸಿ' ಅಂತ ಒತ್ತಾಯ ಮಾಡಿದವರು ಯಾರು? ಸೆರೆ ಹಿಡಿದವರು. ದುಃಖದಲ್ಲಿ ಇರುವವರಿಂದ ಹಾಡು ಹೇಳಿಸುವ ಕೆಲಸವನ್ನು ಬೈಬಲಿನಲ್ಲಿ ಯಾರು ಮಾಡಿದ್ದಾರೆ ಅಂತ ನೋಡಿಕೊಳ್ಳಿ. ಸಭೆ ಅವರ ಜಾಗದಲ್ಲಿ ನಿಲ್ಲಬಾರದು.

ಕೊನೆಗೆ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬ. 1ನೇ ಅಧ್ಯಾಯದಲ್ಲಿ 'ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು, ಆತನ ನಾಮಕ್ಕೆ ಸ್ತೋತ್ರ' ಅಂತಾನೆ. ಎಲ್ಲ ಮಣ್ಣಿನ ಕಾರ್ಯಕ್ರಮದಲ್ಲೂ ಇದನ್ನು ಓದುತ್ತೇವೆ. 3ನೇ ಅಧ್ಯಾಯದಲ್ಲಿ ಅದೇ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅದನ್ನು ಯಾರೂ ಓದುವುದಿಲ್ಲ. ಅವನ ಗೆಳೆಯರು ಏಳು ದಿನ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಡಿಸಿದರು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ಯೋಬನ ಮೇಲಲ್ಲ, ದೇವರ ಪರವಾಗಿ ವಾದ ಮಾಡಿದ ಆ ಗೆಳೆಯರ ಮೇಲೆ.

ಮುಧೋಳದ ಅಕ್ಕ
ಹಿರಿಯರೇ, 137ನೇ ಕೀರ್ತನೆ ಎಷ್ಟೋ ಸಲ ಓದಿದ್ದೇನೆ. ಹಾಡು ಕೇಳಿದ್ದು ಯಾರು ಅಂತ ಯೋಚನೆ ಮಾಡಿರಲಿಲ್ಲ. ನಾದಿನಿಗೆ ಓದಿ ಹೇಳುತ್ತೇನೆ.

ಕ್ಯಾಂಪ್ ಹುಡುಗ, ಬೆಳಗಾವಿ
ನಾನು ಕಥೋಲಿಕ. ನಮ್ಮ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಶುರುವಾದ ಕೂಡಲೇ ಬಲಿಪೂಜೆಯಲ್ಲಿ ಅಲ್ಲೆಲೂಯ, ಅಂದರೆ 'ದೇವರಿಗೆ ಸ್ತೋತ್ರ' ಅನ್ನುವ ಹಾಡು, ನಿಂತುಹೋಗುತ್ತದೆ. ಭಾನುವಾರಗಳ ಮಹಿಮಾಗೀತೆಯೂ ಇಲ್ಲ. ಪಾಸ್ಕ ಹಬ್ಬದ ಹಿಂದಿನ ರಾತ್ರಿ, ಕತ್ತಲಲ್ಲಿ ಮೇಣದ ಬತ್ತಿ ಹಚ್ಚಿದ ಮೇಲೆ, ಅಲ್ಲೆಲೂಯ ತಿರುಗಿ ಬರುತ್ತದೆ. ಅಷ್ಟು ದಿನ ಬಾಯಿ ಕಟ್ಟಿ ಇಟ್ಟದ್ದರಿಂದ ಆ ರಾತ್ರಿ ಹಾಡುವಾಗ ಮೈ ಜುಮ್ಮೆನ್ನುತ್ತದೆ. ಅಂದರೆ ಸ್ತುತಿಯ ಮಾತನ್ನೇ ಎತ್ತಿಡುವ ಕಾಲ ಒಂದಿದೆ ಅಂತ ಧರ್ಮಸಭೆಯೇ ಒಪ್ಪಿದೆ. ವರ್ಷಪೂರ್ತಿ ಒಂದೇ ಸ್ವರದಲ್ಲಿ ಕೂಗಬೇಕು ಅಂತ ಎಲ್ಲೂ ಇಲ್ಲ.

ಕೀಬೋರ್ಡ್ ತಂಗಿ, ಬೆಳಗಾವಿ
ಅಣ್ಣಾ, ಅದು ನಿಮ್ಮ ಪದ್ಧತಿ. ನಮ್ಮಲ್ಲಿ 'ಯಾವಾಗಲೂ ಸಂತೋಷಿಸಿರಿ, ಎಲ್ಲಾದರಲ್ಲಿಯೂ ಸ್ತೋತ್ರ ಮಾಡಿರಿ' ಅಂತ ಇದೆಯಲ್ಲ, ಥೆಸಲೊನೀಕ ಪತ್ರದಲ್ಲಿ. ಅದಕ್ಕೆ ತಪಸ್ಸುಕಾಲದ ವಿನಾಯಿತಿ ಇದೆಯಾ?

ಕ್ಯಾಂಪ್ ಹುಡುಗ, ಬೆಳಗಾವಿ
ಅಲ್ಲೆಲೂಯ ಮಾತ್ರ ನಿಲ್ಲುತ್ತದೆ, ಸ್ತೋತ್ರ ನಿಲ್ಲುವುದಿಲ್ಲ. 'ಪವಿತ್ರ, ಪವಿತ್ರ' ಆಗಲೂ ಹಾಡುತ್ತೇವೆ. ನಮ್ಮ ಪೂಜೆಯಲ್ಲಿ ಗುರುಗಳು ಹೇಳುವ ಒಂದು ಪ್ರಾರ್ಥನೆ ಇದೆ: ನಮ್ಮ ಹೊಗಳಿಕೆ ದೇವರಿಗೆ ಬೇಕಾಗಿಲ್ಲ, ಅದು ಆತನ ಹಿರಿಮೆಗೆ ಏನನ್ನೂ ಸೇರಿಸುವುದಿಲ್ಲ, ಅದರಿಂದ ಒಳಿತು ಆಗುವುದು ನಮಗೇ. ನನಗೆ ಬಹಳ ಹಿಡಿಸಿದ ಮಾತು. ದೇವರಿಗೆ ಕೊರತೆ ಆಗುತ್ತದೆ ಅನ್ನುವ ಭಯದಿಂದ ಯಾರನ್ನೂ ಒತ್ತಾಯ ಮಾಡಬೇಕಾಗಿಲ್ಲ.

ಹುನಗುಂದದ ಗೆಳೆಯ
ನಾನು ಕ್ರೈಸ್ತ ಅಲ್ಲ, ಲಿಂಗಾಯತ. ಗೆಳೆಯರೊಬ್ಬರು ಈ ಚರ್ಚೆ ಕಳಿಸಿದರು. ನಮ್ಮೂರಿಂದ ಕೂಡಲಸಂಗಮ ದೂರ ಇಲ್ಲ. ತಾಳ ಗೊತ್ತಿಲ್ಲ, ಲೆಕ್ಕ ಗೊತ್ತಿಲ್ಲ, ನಿನಗೇನೂ ಕೇಡಿಲ್ಲ, ಹಾಗಾಗಿ ನನಗೆ ಒಲಿದಂತೆ ಹಾಡುತ್ತೇನೆ ಅಂತ ಬಸವಣ್ಣನವರ ವಚನ ಇದೆ. ಆ ಅಣ್ಣ ಹೇಳಿದ ಪ್ರಾರ್ಥನೆ ಓದಿ ಅದು ನೆನಪಾಯಿತು. ಮಧ್ಯೆ ಬಂದದ್ದಕ್ಕೆ ಬೇಜಾರಿಲ್ಲ ತಾನೇ?

ಗೋಕಾಕದ ಡೋಲಕ್ ಮಾಸ್ತರ
ಯಾಕ್ರೀ ಬೇಜಾರು, ಬನ್ನಿ ಕೂತುಕೊಳ್ಳಿ. ಆ ವಚನ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ.

ಸ್ತುತಿ ಆರಾಧಕ, ಬಾಗಲಕೋಟೆ
ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ಸ್ತುತಿಯಲ್ಲಿ ಶಕ್ತಿ ಇದೆ. ಯೆಹೂದದ ಅರಸ ಯೆಹೋಷಾಫಾಟನ ಕಥೆ ಅರಸುಗಳ ಪುಸ್ತಕದಲ್ಲಿ ಓದಿ. ಸೈನ್ಯದ ಮುಂದೆ ಹಾಡುವವರನ್ನು ನಿಲ್ಲಿಸಿದ. ಹಾಡಿದರು, ಶತ್ರುಗಳು ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತರು. ಸ್ತುತಿಸಿದರೆ ಸಾಲ ತೀರುತ್ತದೆ, ಕಾಯಿಲೆ ಹೋಗುತ್ತದೆ. ನಾನೇ ನೋಡಿದ್ದೇನೆ. ಗೊಣಗುವವರು ಅರಣ್ಯದಲ್ಲೇ ಸತ್ತರು ಅನ್ನುವುದೂ ಬೈಬಲಿನಲ್ಲಿ ಇದೆ.

ಸಭೆಯ ಹಿರಿಯರು, ವಿಜಯಪುರ
ತಮ್ಮಾ, ಅದು ಅರಸುಗಳಲ್ಲಿ ಅಲ್ಲ, ಪೂರ್ವಕಾಲವೃತ್ತಾಂತ ಎರಡನೆಯ ಪುಸ್ತಕದ 20ನೇ ಅಧ್ಯಾಯ. ಅದೇ ಅಧ್ಯಾಯ ಮೊದಲಿನಿಂದ ಓದು. ಯೆಹೋಷಾಫಾಟ ಮೊದಲು ಹೆದರುತ್ತಾನೆ. ಉಪವಾಸ ಸಾರುತ್ತಾನೆ. 'ಏನು ಮಾಡಬೇಕೋ ನಮಗೆ ತಿಳಿಯದು, ನಮ್ಮ ಕಣ್ಣು ನಿನ್ನ ಕಡೆಗೇ ಇದೆ' ಅಂತ ಎಲ್ಲರ ಮುಂದೆ ಹೇಳುತ್ತಾನೆ. ಹಾಡು ಬಂದದ್ದು ಆಮೇಲೆ. ಗೆಲುವಿನ ಮಾತು ಕೊಟ್ಟದ್ದು ದೇವರು, ಅದೂ ಹಾಡು ಶುರುವಾಗುವ ಮೊದಲೇ.

ತಿಕೋಟಾ ದ್ರಾಕ್ಷಿ ತೋಟ
ಸಾಲ ತೀರುತ್ತದೆ ಅನ್ನುವ ಮಾತಿಗೆ ನನ್ನ ಉತ್ತರ ಇದು. ನಮ್ಮದು ದ್ರಾಕ್ಷಿ. ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು. ಏಪ್ರಿಲ್ ಚಾಟ್ನಿಯಲ್ಲಿ ಕಡ್ಡಿ ಬೆಳೆಸುತ್ತೇವೆ, ಅಕ್ಟೋಬರ್ ಚಾಟ್ನಿಯಲ್ಲಿ ಹಣ್ಣು ಹಿಡಿಸುತ್ತೇವೆ. ಹೂವಿನ ಹೊತ್ತಿಗೆ ಮೋಡ ಹಾಕಿ ಮಳೆ ಬಂದರೆ ಗೊನೆ ಕೊಳೆಯುತ್ತದೆ, ದಾವಣಿ ರೋಗ ಬರುತ್ತದೆ. ಒಣದ್ರಾಕ್ಷಿಗೆ ಹಾಕಿದಾಗ ಶೆಡ್ಡಿನಲ್ಲಿ ಇದ್ದದ್ದು ಮಳೆಗೆ ಸಿಕ್ಕರೆ ಬಣ್ಣ ಹೋಗುತ್ತದೆ, ರೇಟು ಬೀಳುತ್ತದೆ. ಔಷಧಿ ಅಂಗಡಿಯ ಉದ್ರಿ ಮಾತ್ರ ಹಾಗೇ ನಿಲ್ಲುತ್ತದೆ.

ಅಂಥ ವರ್ಷದಲ್ಲಿ ಒಬ್ಬರು ಮನೆಗೆ ಬಂದು, 'ನಿಮ್ಮ ಸ್ತುತಿಯಲ್ಲಿ ಕೊರತೆ ಇದೆ' ಅಂದರು. ಪಕ್ಕದ ತೋಟದವರದ್ದೂ ಹೋಗಿತ್ತು. ಅವರ ಸ್ತುತಿಯ ಲೆಕ್ಕ ಯಾರು ಇಟ್ಟಿದ್ದರು?

ನನಗೆ ಆಗ ಹಿಡಿದುಕೊಳ್ಳಲು ಸಿಕ್ಕಿದ್ದು ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೆಯ ಅಧ್ಯಾಯ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ, ಹೊಲದಲ್ಲಿ ಬೆಳೆ ಇಲ್ಲದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ನಾನು ದೇವರಲ್ಲಿ ಉಲ್ಲಾಸಪಡುವೆನು ಅಂತಾನೆ. ಅಲ್ಲಿ 'ಉಲ್ಲಾಸಪಟ್ಟರೆ ಹಣ್ಣು ಬರುತ್ತದೆ' ಅಂತ ಇಲ್ಲ. ಹಣ್ಣಿಲ್ಲ ಅನ್ನುವುದನ್ನು ಒಂದೊಂದೇ ಹೆಸರಿಟ್ಟು ಲೆಕ್ಕ ಹೇಳಿ, ಆಮೇಲೆ ಸ್ತುತಿಸುತ್ತಾನೆ. ನಷ್ಟವನ್ನು ಮುಚ್ಚಿಡಲಿಲ್ಲ. ಅದಕ್ಕೇ ಅವನ ಸ್ತುತಿಯನ್ನು ನಾನು ನಂಬುತ್ತೇನೆ.

ಇಳಕಲ್ ಸೊಸೆ
ಅಣ್ಣಾ, ಓದಿ ಕಣ್ಣು ತುಂಬಿತು.

ಸ್ತುತಿ ಆರಾಧಕ, ಬಾಗಲಕೋಟೆ
ನಾನು ಯಾರ ತೋಟದ ಬಗ್ಗೆಯೂ ಹೇಳಲಿಲ್ಲ ಅಣ್ಣಾ. ಸ್ತುತಿಯಿಂದ ಮನಸ್ಸಿಗೆ ಬಲ ಬರುತ್ತದೆ ಅಂದೆ. ಕುಡಿತ ಬಿಟ್ಟು ಈ ದಾರಿಗೆ ಬಂದವನು ನಾನು. ಹಾಡು ನಿಲ್ಲಿಸಿದರೆ ನನಗೆ ಹಳೆಯದೆಲ್ಲ ನೆನಪಿಗೆ ಬರುತ್ತದೆ. ಜೋರಾಗಿ ಹಾಡುವುದು ನನಗೆ ಆಟ ಅಲ್ಲ.

ತಿಕೋಟಾ ದ್ರಾಕ್ಷಿ ತೋಟ
ಆ ಸಾಕ್ಷಿಗೆ ದೇವರಿಗೆ ಸ್ತೋತ್ರ ತಮ್ಮಾ. ನೀನು ಜೋರಾಗಿಯೇ ಹಾಡು. ಪಕ್ಕದಲ್ಲಿ ಅಳುವವರು ಇದ್ದರೆ ಅವರಿಗೂ ಜಾಗ ಬಿಡು, ಅಷ್ಟೇ.

ಗುಳೇದಗುಡ್ಡದ ನೇಕಾರ
ಜೋರು ಅಂದಾಗ ನೆನಪಾಯಿತು. ಈಗ ಸಣ್ಣ ಸಣ್ಣ ಸಭೆಗಳಿಗೂ ಇಷ್ಟು ದೊಡ್ಡ ಸೌಂಡ್ ಬಾಕ್ಸ್ ಯಾಕೆ? ನಮ್ಮ ಊರಿಗೆ ಬಾಸೆಲ್ ಮಿಷನ್ ಬಂದದ್ದು 1851ರಲ್ಲಿ. ಆಗ ಕರೆಂಟ್ ಎಲ್ಲಿತ್ತು? ಹಾರ್ಮೋನಿಯಂ, ತಾಳ ಸಾಕಾಗುತ್ತಿತ್ತು. ಸಂಗೀತಗಳು ಅಂತ ಕರೆಯುವ ಹಳೆಯ ಸಭೆಯ ಹಾಡುಗಳನ್ನು ಈಗಿನ ಮಕ್ಕಳು ಮರೆತೇಬಿಟ್ಟರು.

ಕೀಬೋರ್ಡ್ ತಂಗಿ, ಬೆಳಗಾವಿ
ಕಾಕಾ, ಹಳೆಯ ಸಂಗೀತಗಳಲ್ಲಿ ಎಷ್ಟೋ ರಾಗ ಜರ್ಮನಿಯಿಂದ ಬಂದವು. ಅದು ನಮ್ಮದು, ಗಿಟಾರ್ ಪರದೇಶದ್ದು ಅನ್ನುವುದು ಹೇಗೆ? 150ನೇ ಕೀರ್ತನೆಯಲ್ಲಿ ತುತೂರಿ, ಕಿನ್ನರಿ, ದಮ್ಮಡಿ, ಕೊಳಲು, ಝಲ್ಲರಿ ಎಲ್ಲ ಇದೆ. ಕುಣಿತವೂ ಇದೆ.

ಗುಳೇದಗುಡ್ಡದ ನೇಕಾರ
ಪದಗಳ ಅರ್ಥ ತಿಳಿದು ಹಾಡಬೇಕು ಅನ್ನುವುದು ನನ್ನ ಮಾತು. ಹೊಸ ಕೋರಸ್‌ಗಳಲ್ಲಿ ಒಂದೇ ಸಾಲನ್ನು ಇಪ್ಪತ್ತು ಸಲ ಹೇಳಿಸುತ್ತಾರೆ. ಆತ್ಮದಿಂದಲೂ ಹಾಡುವೆನು, ಬುದ್ಧಿಯಿಂದಲೂ ಹಾಡುವೆನು ಅಂತ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ.

ಸ್ತುತಿ ಆರಾಧಕ, ಬಾಗಲಕೋಟೆ
136ನೇ ಕೀರ್ತನೆಯಲ್ಲಿ 26 ವಚನ ಇವೆ. ಇಪ್ಪತ್ತಾರರಲ್ಲೂ 'ಆತನ ಕೃಪೆಯು ಶಾಶ್ವತ' ಅಂತಲೇ ಮುಗಿಯುತ್ತದೆ ಕಾಕಾ.

ಗುಳೇದಗುಡ್ಡದ ನೇಕಾರ
ಅಲ್ಲಿ ಹೆಚ್ಚಿನ ವಚನಗಳಲ್ಲಿ ದೇವರು ಮಾಡಿದ ಹೊಸ ಕೆಲಸ ಒಂದು ಬರುತ್ತದೆ. ಆಕಾಶ, ಸೂರ್ಯ, ಚಂದ್ರ, ಐಗುಪ್ತ, ಕೆಂಪು ಸಮುದ್ರ. ಕಾರಣ ಹೇಳಿ ಹೇಳಿ ಸ್ತುತಿಸುತ್ತಾರೆ. ನಾವು ನೇಯುವ ಖಣದ ಬಟ್ಟೆಯಲ್ಲಿ ಅಂಚು ಒಂದೇ ತರಹ ಓಡಿದರೂ ಒಡಲಿನ ಬುಟ್ಟಾ ಇಲ್ಲದಿದ್ದರೆ ಯಾರು ಕೊಳ್ಳುತ್ತಾರೆ?

ಕ್ಯಾಂಪ್ ಹುಡುಗ, ಬೆಳಗಾವಿ
ರಾಗದ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಜಿಲ್ಲೆಯ ದೇಶನೂರಿನಲ್ಲಿ ಜೆಸ್ವಿಟ್ ಗುರುಗಳು ಕಾವಿ ಉಟ್ಟು ವಿರಕ್ತ ಮಠದ ರೀತಿಯಲ್ಲೇ ಇದ್ದರು. ಇನ್ನೂ ಹಿಂದೆ ಹೋದರೆ, ನಿಘಂಟು ಮಾಡಿದ ಕಿಟೆಲ್ ಅವರು 1862ರಲ್ಲೇ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದರು, ಕಥಾಮಾಲೆ ಅಂತ. ಬೆಳಗಾವಿಯಲ್ಲಿ ಈಗ ಒಂದೇ ಭಾನುವಾರ ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ಎಲ್ಲದರಲ್ಲೂ ಹಾಡು ಕೇಳಿಸುತ್ತದೆ.

ಕೀಬೋರ್ಡ್ ತಂಗಿ, ಬೆಳಗಾವಿ
ಹೌದು, ಲಂಡನ್ ಮಿಷನ್ 1820ರಲ್ಲೇ ಇಲ್ಲಿಗೆ ಬಂದಿತ್ತು. ಆಮೇಲೆ ಮೆಥಡಿಸ್ಟರು ಬಂದರು. ನಮ್ಮ ಅಜ್ಜಿ ಮರಾಠಿ ಹಾಡನ್ನೂ ಕನ್ನಡ ಹಾಡನ್ನೂ ಬೆರೆಸಿ ಹಾಡುತ್ತಿದ್ದಳು.

ವೇದಿಕೆ ನಿರ್ವಾಹಕರು
ಇತಿಹಾಸಕ್ಕೆ ಬೇರೆ ಚರ್ಚೆ ತೆರೆಯೋಣ. ಇಲ್ಲಿ ಅಕ್ಕನವರ ಪ್ರಶ್ನೆಗೆ ಬನ್ನಿ.

ನೈಟ್ ಡ್ಯೂಟಿ ನರ್ಸ್, ವಿಜಯಪುರ
ಎಲ್ಲ ಓದಿದೆ. ಎಲ್ಲರೂ ಭಾನುವಾರದ ಮಾತೇ ಆಡುತ್ತಿದ್ದೀರಿ. ನನಗೆ ಎಷ್ಟೋ ಭಾನುವಾರ ರಜೆಯೇ ಇರುವುದಿಲ್ಲ. ನನ್ನ ಸ್ತುತಿ ವಾರ್ಡಿನಲ್ಲೇ ನಡೆಯುತ್ತದೆ. ಜ್ವರ ಇಳಿಯಿತು, ಸ್ತೋತ್ರ. ಸಲೈನಿಗೆ ನರ ಒಂದೇ ಸಲಕ್ಕೆ ಸಿಕ್ಕಿತು, ಸ್ತೋತ್ರ. ಬಾಯಿಬಿಟ್ಟು ಹೇಳುವುದಿಲ್ಲ, ರೋಗಿಗಳು ಬೇರೆ ಬೇರೆ ಧರ್ಮದವರು. ಇದರಿಂದ ಒಂದು ಲಾಭ ಕಂಡಿದ್ದೇನೆ. ಸಣ್ಣ ಒಳ್ಳೆಯದನ್ನು ನೋಡುವ ಕಣ್ಣು ಬರುತ್ತದೆ. ಯೇಸು ವಾಸಿಮಾಡಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ತಿರುಗಿ ಬಂದು ಸ್ತೋತ್ರ ಹೇಳಿದವನು ಸಮಾರ್ಯದವನು ಒಬ್ಬನೇ. ಉಳಿದವರಿಗೂ ವಾಸಿಯಾಗಿತ್ತು. ಅವರು ನೋಡಲಿಲ್ಲ, ಅಷ್ಟೇ.

ಆದರೆ ಸಾವು ಆದ ಮನೆಯವರಿಗೆ ನಾನು ಯಾವತ್ತೂ 'ಸ್ತೋತ್ರ ಹೇಳಿ' ಅಂದಿಲ್ಲ. ನೀರು ಕೊಡುತ್ತೇನೆ, ಕುರ್ಚಿ ಕೊಡುತ್ತೇನೆ, ಯಾರಿಗೆ ಫೋನ್ ಮಾಡಬೇಕು ಅಂತ ಕೇಳುತ್ತೇನೆ.

ಇಳಕಲ್ ಸೊಸೆ
ನರ್ಸ್ ಅಕ್ಕ ದಿನದ ಜೀವನದ ಮಾತು ತೆಗೆದಿರಿ, ನಾನೂ ಹೇಳುತ್ತೇನೆ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಲ್ಲೆಲೂಯ ಹೇಳುವವರು ಮನೆಗೆ ಬಂದು ರೊಟ್ಟಿ ದಪ್ಪ ಆಯಿತು ಅಂತ ಸೊಸೆಗೆ ಬಾಯಿಗೆ ಬಂದಂತೆ ಬೈದರೆ, ಆ ಹಲ್ಲೆಲೂಯಕ್ಕೆ ಏನು ಬೆಲೆ? ಯಾಕೋಬನ ಪತ್ರದ 3ನೇ ಅಧ್ಯಾಯದಲ್ಲಿ ಇದು ನೇರವಾಗಿಯೇ ಇದೆ. ಅದೇ ಬಾಯಿಂದ ದೇವರನ್ನು ಕೊಂಡಾಡುತ್ತೇವೆ, ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸುತ್ತೇವೆ, ಹೀಗೆ ಇರಬಾರದು ಅಂತ. ಈ ಅಧ್ಯಾಯದ ಮೇಲೆ ಪ್ರಸಂಗ ಕೇಳಬೇಕು ಅಂತ ನನಗೆ ಬಹಳ ಆಸೆ.

ಸಭೆಯ ಹಿರಿಯರು, ವಿಜಯಪುರ
ಮಗಳೇ, ಪ್ರವಾದಿ ಆಮೋಸನ ಪುಸ್ತಕದ 5ನೇ ಅಧ್ಯಾಯವನ್ನೂ ಜೊತೆಗೆ ಓದು. ನಿಮ್ಮ ಹಾಡುಗಳ ಗದ್ದಲ ನನ್ನ ಮುಂದಿನಿಂದ ತೊಲಗಿಸಿ, ನ್ಯಾಯ ಹೊಳೆಯಂತೆ ಹರಿಯಲಿ ಅಂತ ದೇವರೇ ಹೇಳುತ್ತಾನೆ.

ಗೋಕಾಕದ ಡೋಲಕ್ ಮಾಸ್ತರ
ಒಂದು ಘಟನೆ ಹೇಳುತ್ತೇನೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಬಂದದ್ದು ಎಲ್ಲರಿಗೂ ಗೊತ್ತು. ಮುಧೋಳದ ಕಡೆಯೂ ನೀರು ನಿಂತಿತ್ತು. ನಾವು ಕೆಲವರು ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರದಲ್ಲಿ ಇದ್ದೆವು. ನನ್ನ ಡೋಲಕ್ ನೀರಿನಲ್ಲಿ ಹೋಗಿತ್ತು. ಭಾನುವಾರ ಬಂತು. ಪಾಸ್ಟರ್ ಬರಲು ರಸ್ತೆ ಇರಲಿಲ್ಲ. ಯಾರೂ ಏನೂ ಶುರು ಮಾಡಲಿಲ್ಲ. ಮಧ್ಯಾಹ್ನ ಊಟಕ್ಕೆ ಸಾಲಿನಲ್ಲಿ ನಿಂತಾಗ ಒಬ್ಬ ಮುದುಕಿ ಮೊದಲು ದೇವರಿಗೆ ಜಗಳ ತೆಗೆದಳು. 'ಎಮ್ಮೆ ಯಾಕೆ ಒಯ್ದೆ, ಗೋಡೆ ಯಾಕೆ ಕೆಡವಿದೆ' ಅಂತ ಒಂದೊಂದೇ ಕೇಳಿದಳು. ಯಾರೂ ಅವಳನ್ನು ತಡೆಯಲಿಲ್ಲ. ಆಮೇಲೆ ಅವಳೇ ಹಾಡು ಹಿಡಿದಳು. ತಾಳ ಇಲ್ಲ, ಮೈಕ್ ಇಲ್ಲ. ಸಾಲಿನಲ್ಲಿ ಇದ್ದವರು ಒಬ್ಬೊಬ್ಬರಾಗಿ ಸೇರಿದರು. ಅವಳ ಜಗಳವನ್ನು ಬಾಯಿ ಮುಚ್ಚಿಸಿದ್ದರೆ ಆ ಹಾಡು ಬರುತ್ತಿರಲಿಲ್ಲ. ಇದು ನನ್ನ ಗಟ್ಟಿ ನಂಬಿಕೆ.

ತಿಕೋಟಾ ದ್ರಾಕ್ಷಿ ತೋಟ
ಮಾಸ್ತರ, ಹಬಕ್ಕೂಕನೂ ಹೀಗೇ. ಅವನ ಪುಸ್ತಕ ಶುರುವಾಗುವುದೇ ದೇವರ ಜೊತೆ ಜಗಳದಿಂದ, 'ಎಷ್ಟರವರೆಗೆ ಕೂಗಲಿ' ಅಂತ.

ಮುಧೋಳದ ಅಕ್ಕ
ಈಗ ಒಂದು ಕೆಲಸದ ಪ್ರಶ್ನೆ. ಆ ಹಾಡು ನಡೆಸುವ ಅಣ್ಣನಿಗೆ ಹೇಳುವುದು ಹೇಗೆ? ಕಮಿಟಿಯಲ್ಲಿ ಎತ್ತಲಾ?

ಕೀಬೋರ್ಡ್ ತಂಗಿ, ಬೆಳಗಾವಿ
ಕಮಿಟಿಯಲ್ಲಿ ಬೇಡ ಅಕ್ಕಾ. ಎಲ್ಲರ ಮುಂದೆ ಹೇಳಿದರೆ ಅವರು ಹಾಡುವುದನ್ನೇ ಬಿಟ್ಟುಬಿಡುತ್ತಾರೆ. ಮನೆಗೆ ಚಹಾಕ್ಕೆ ಕರೆಯಿರಿ. ನಾದಿನಿಯ ಹೆಸರು ಹೇಳಿ, ಆ ದಿನ ಏನಾಯಿತು ಅಂತ ನೇರವಾಗಿ ತಿಳಿಸಿ. ಅವರಿಗೆ ಗೊತ್ತೇ ಇರಲಿಕ್ಕಿಲ್ಲ. ಮುಂದೆ ನಿಂತಾಗ ಎದುರಿಗೆ ಬರೀ ಗುಂಪು ಕಾಣುತ್ತದೆ, ಒಬ್ಬೊಬ್ಬರ ಮುಖ ಕಾಣುವುದಿಲ್ಲ.

ಗುಳೇದಗುಡ್ಡದ ನೇಕಾರ
ತಂಗಿ ಹೇಳಿದ್ದು ಸರಿ. ಆದರೆ ಪಾಸ್ಟರ್ ಅವರಿಗೂ ತಿಳಿದಿರಲಿ. 'ಆಶೀರ್ವಾದ ಇಲ್ಲ' ಅನ್ನುವುದು ತಪ್ಪು ಬೋಧನೆ. ಅದನ್ನು ಸರಿಪಡಿಸುವುದು ಅವರ ಕೆಲಸ.

ಸಭೆಯ ಹಿರಿಯರು, ವಿಜಯಪುರ
ಇನ್ನೊಂದು ಮಾಡಬಹುದು. ಸ್ತುತಿಯ ಹೊತ್ತಿನಲ್ಲಿ ವಾರಕ್ಕೆ ಒಂದು ಅಳುವ ಕೀರ್ತನೆಯನ್ನೂ ಸೇರಿಸಿ. ಸುಮಾರು ಮೂರರಲ್ಲಿ ಒಂದು ಕೀರ್ತನೆ ಅಂಥದ್ದೇ. 13ನೆಯದರಿಂದ ಶುರು ಮಾಡಿ. ಆರೇ ವಚನ. 'ಯೆಹೋವನೇ, ಇನ್ನೆಷ್ಟರವರೆಗೆ ನನ್ನನ್ನು ಮರೆತಿರುವಿ' ಅಂತ ಶುರುವಾಗಿ ಕೊನೆಗೆ ಹಾಡಿಗೆ ಬರುತ್ತದೆ. ಆಮೇಲೆ ಯಾವಾಗಲಾದರೂ 88 ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ದೇವರ ಮುಂದೆಯೇ ಹಾಡುತ್ತಿದ್ದರು. ಅದಕ್ಕೆ ಸಮಾಧಾನದ ಮಾತು ಸೇರಿಸಲು ಹೋಗಬೇಡಿ, ಇದ್ದಂತೆ ಓದಿ ಕೂತುಕೊಳ್ಳಿ.

ಕೀಬೋರ್ಡ್ ತಂಗಿ, ಬೆಳಗಾವಿ
13 ನಾವೂ ಮಾಡುತ್ತೇವೆ. ಆದರೆ ಅದಕ್ಕೆ ಕನ್ನಡದಲ್ಲಿ ನಮಗೆ ಗೊತ್ತಿರುವ ರಾಗ ಇಲ್ಲ. ಮಾಸ್ತರ, ಹೊಸದಾಗಿ ಕಟ್ಟಿಕೊಡುತ್ತೀರಾ?

ಗೋಕಾಕದ ಡೋಲಕ್ ಮಾಸ್ತರ
ಕಟ್ಟೋಣ. ಮೊದಲ ನಾಲ್ಕು ವಚನ ಜೋಗಿಯಾ ರಾಗದಲ್ಲಿ, ತಾಳ ಇಲ್ಲದೆ ಹಾಡಿ. 5ನೇ ವಚನದಲ್ಲಿ 'ನಾನಂತೂ ನಿನ್ನ ಕೃಪೆಯಲ್ಲಿ ಭರವಸವಿಟ್ಟಿದ್ದೇನೆ' ಅಂತ ಬರುತ್ತದಲ್ಲ, ಅಲ್ಲಿ ಡೋಲಕ್ ಸೇರಲಿ, ನಿಧಾನ ಕೇರವಾ ತಾಳ. ಕೀಬೋರ್ಡಿನಲ್ಲಿ ರೆಡಿ ಬೀಟ್ ಹಾಕಬೇಡ ತಂಗಿ, ಕೆಟ್ಟುಹೋಗುತ್ತದೆ. ನಿನ್ನ ಪಟ್ಟಿ (ಶ್ರುತಿ) ಯಾವುದು?

ಕೀಬೋರ್ಡ್ ತಂಗಿ, ಬೆಳಗಾವಿ
ಕಪ್ಪು ಮನೆ ನಾಲ್ಕು. ಗಂಡಸರು ಜಾಸ್ತಿ ಇದ್ದಾರೆ, ಅವರಿಗೆ ಕಪ್ಪು ಒಂದು ಮಾಡಬೇಕಾಗಬಹುದು.

ಗೋಕಾಕದ ಡೋಲಕ್ ಮಾಸ್ತರ
ಕಪ್ಪು ಒಂದರಲ್ಲೇ ಇಡು, ಎಲ್ಲರಿಗೂ ಎಟುಕುತ್ತದೆ. ಶನಿವಾರ ಸಂಜೆ ಹಾಡಿ ರೆಕಾರ್ಡ್ ಮಾಡಿ ಇಲ್ಲೇ ಹಾಕುತ್ತೇನೆ. ಮುಧೋಳದ ಅಕ್ಕಾ, ನೀವೂ ಕೇಳಿ, ನಾದಿನಿಗೂ ಕೇಳಿಸಿ. ಹಾಡಲೇಬೇಕು ಅಂತೇನೂ ಇಲ್ಲ.